ಮಗಳು ಏನು ಹೇಳಿದಳು ಎಂದು ಅಪ್ಪ ಕೇಳಿದರೆ: ಆಪ್ತಸಮಾಲೋಚಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ವಾರಕ್ಕೆ ಎರಡು ದಿನ ಆಪ್ತಸಮಾಲೋಚಕಿಯಾಗಿದ್ದೇನೆ. ಉಳಿದ ದಿನ ಸಂಜೆ ಮನೆಯ ಮುಂಗೋಣೆಯಲ್ಲಿ ಜನರನ್ನು ನೋಡುತ್ತೇನೆ. ಹೋದ ತಿಂಗಳು 17 ವರ್ಷದ ವಿದ್ಯಾರ್ಥಿನಿಯ ತಂದೆ ಸೇಡಂನಿಂದ ಬಂದು, “ನಮ್ ಮಗಳು ನಿಮ್ ಮುಂದ ಏನ್ ಹೇಳ್ಯಾಳ, ಅಷ್ಟ ಹೇಳ್ರಿ” ಎಂದು ಕೂತುಬಿಟ್ಟರು. ಪ್ರಿನ್ಸಿಪಾಲರಿಗೆ ತಿಂಗಳಿಗೊಮ್ಮೆ ಬಂದವರ ಹೆಸರಿನ ಪಟ್ಟಿ ಬೇಕು. ಸಂಜೆ ಬರುವವರಲ್ಲಿ ಅರ್ಧ ಮಂದಿ ಬಳಗದವರು, ಓಣಿಯವರು. ನಾನು ಓದಿದ ನೀತಿಸಂಹಿತೆ ಅಮೆರಿಕದ್ದು. ನಮ್ಮಂಥ ಊರಲ್ಲಿ ಅದನ್ನು ಪಾಲಿಸುವುದು ಹೇಗೆ?

ಉತ್ತರ: ನೀವು ಕೇಳಿದ ಮೂರೂ ತೊಡಕುಗಳ ಬೇರು ಒಂದೇ. ಅಪ್ಪ ಬಂದು ಕೂತ ಮೇಲೆ ಏನು ಹೇಳಬೇಕು ಎಂದು ಯೋಚಿಸುತ್ತಿದ್ದೀರಿ. ಆ ಮಾತು ಅವರ ಮಗಳ ಮೊದಲ ಭೇಟಿಯ ಮೊದಲ ಹದಿನೈದು ನಿಮಿಷದಲ್ಲೇ ಆಗಬೇಕಿತ್ತು. ಪ್ರಿನ್ಸಿಪಾಲರ ಜೊತೆಗಿನ ಮಾತು ಕೆಲಸಕ್ಕೆ ಸೇರುವ ದಿನ, ಬಳಗದವರ ಜೊತೆಗಿನದು ಅವರು ಫೋನ್ ಮಾಡಿದಾಗಲೇ. ಈ ವೃತ್ತಿಯ ನೀತಿಯಲ್ಲಿ ಮುಕ್ಕಾಲು ಪಾಲು ಮುಂಚಿತವಾಗಿ ಹೇಳುವ ಕೆಲಸವೇ. ಮುಂಚೆ ಹೇಳಿದ್ದರೆ ಅದು ನಿಯಮ ಅನಿಸಿಕೊಳ್ಳುತ್ತದೆ. ಜಗಳದ ನಡುವೆ ಹೇಳಿದರೆ ಸೊಕ್ಕು ಅನಿಸುತ್ತದೆ.

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ತನ್ನ ಮೊದಲ ನೀತಿಸಂಹಿತೆಯನ್ನು 1953ರಲ್ಲಿ ಹೊರತಂದಿತು. ಈಗ ಬಳಕೆಯಲ್ಲಿರುವುದರ ತಳಹದಿ 2002ರದು, 2010 ಮತ್ತು 2016ರಲ್ಲಿ ತಿದ್ದುಪಡಿ ಆಗಿದೆ. ಅದರ ಐದು ತತ್ವಗಳು ನಿಮಗೆ ಗೊತ್ತೇ ಇವೆ: ಒಳಿತು ಮಾಡು, ಕೇಡು ಮಾಡಬೇಡ; ನಂಬಿಕೆ ಉಳಿಸಿಕೋ, ಹೊಣೆ ಹೊರು; ಪ್ರಾಮಾಣಿಕನಾಗಿರು; ನ್ಯಾಯದಿಂದಿರು; ಜನರ ಹಕ್ಕನ್ನೂ ಘನತೆಯನ್ನೂ ಗೌರವಿಸು. ಇವು ದಿಕ್ಕು ತೋರಿಸುತ್ತವೆ, ಅಷ್ಟೇ. ಇಲ್ಲಿ ನಿಮ್ಮನ್ನು ನಿಜವಾಗಿ ಕಟ್ಟಿಹಾಕುವುದು ನಮ್ಮ ಕಾಯ್ದೆಗಳು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ. ಆರೈಕೆಯ ವೇಳೆ ತಿಳಿದದ್ದನ್ನು ಗೋಪ್ಯವಾಗಿಡುವುದು ಆರೋಗ್ಯ ವೃತ್ತಿಪರರ ಕರ್ತವ್ಯ ಎನ್ನುತ್ತದೆ ಅದು, ಆಮೇಲೆ ವಿನಾಯಿತಿಗಳನ್ನು ಹೇಳುತ್ತದೆ: ನಾಮನಿರ್ದೇಶಿತ ಪ್ರತಿನಿಧಿಗೆ (ರೋಗಿಯ ಪರವಾಗಿ ನಿಲ್ಲುವವರಿಗೆ) ತನ್ನ ಕರ್ತವ್ಯ ಮಾಡಲು ಬೇಕಾದಷ್ಟು, ಚಿಕಿತ್ಸೆ ಕೊಡುವ ಇತರ ವೃತ್ತಿಪರರಿಗೆ, ಬೇರೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು, ಜೀವಕ್ಕೆ ಅಪಾಯವಿದ್ದಾಗ, ಅಧಿಕಾರವುಳ್ಳ ನ್ಯಾಯಾಲಯ ಅಥವಾ ಪ್ರಾಧಿಕಾರದ ಆದೇಶವಾದಾಗ, ಸಾರ್ವಜನಿಕ ಸುರಕ್ಷತೆಗಾಗಿ. ಹಾನಿ ತಡೆಯಲು ಎಷ್ಟು ಬೇಕೋ ಅಷ್ಟನ್ನೇ ಹೇಳಬೇಕು ಎಂಬ ಮಾತೂ ಅದೇ ಪಟ್ಟಿಯಲ್ಲಿದೆ, ಎಲ್ಲರೂ ಮರೆಯುವುದು ಇದನ್ನೇ. ಕಾಯ್ದೆಯ ಭಾಷೆ ಮಾನಸಿಕ ಅಸ್ವಸ್ಥತೆ ಇರುವವರ ಬಗ್ಗೆ. ಪರೀಕ್ಷೆಯ ಭಯಕ್ಕೆ ಬಂದ ಹುಡುಗ ಅದರೊಳಗೆ ಬರುತ್ತಾನೋ ಇಲ್ಲವೋ ಎಂದು ವಾದ ಮಾಡುತ್ತ ಕೂರಬೇಡಿ, ಅದನ್ನೇ ಕನಿಷ್ಠ ಅಳತೆ ಎಂದಿಟ್ಟುಕೊಳ್ಳಿ.

ಈಗ ಆ ಹದಿನೈದು ನಿಮಿಷ. ಬಂದವರು ಮನಸ್ಸು ತುಂಬಿಕೊಂಡು ಬಂದಿರುತ್ತಾರೆ, ಬಾಗಿಲಲ್ಲೇ ಹೇಳಲು ಶುರು ಮಾಡುತ್ತಾರೆ. “ಒಂದ್ ನಿಮಿಷ ತಡೀರಿ, ನೀವು ಹೇಳೋಕಿಂತ ಮೊದಲು ನಾ ಒಂದಿಷ್ಟು ಹೇಳಬೇಕು” ಎಂದು ಮೆಲ್ಲಗೆ ನಿಲ್ಲಿಸಿ. ನಿಲ್ಲಿಸದಿದ್ದರೆ ಅವರು ಹೇಳಬಾರದ್ದನ್ನು ಹೇಳಿದ ಮೇಲೆ ನೀವು ಗೋಪ್ಯತೆಯ ಮಿತಿ ಹೇಳಿದಂತಾಗುತ್ತದೆ, ಅದು ಮೋಸಕ್ಕೆ ಸಮ. ನೀವು ಯಾರು, ಏನು ಓದಿದ್ದೀರಿ, ನಿಮ್ಮಿಂದ ಏನಾಗುವುದಿಲ್ಲ (ಗುಳಿಗೆ ಬರೆಯುವುದಿಲ್ಲ, ಸರ್ಟಿಫಿಕೇಟ್ ಕೊಡುವುದಿಲ್ಲ) ಎಂದು ಮೊದಲು ಹೇಳಿ. ಎಷ್ಟು ಹೊತ್ತು, ಅಂದಾಜು ಎಷ್ಟು ಸಲ, ಫೀಸು ಎಷ್ಟು, ಬರದಿದ್ದರೆ ಫೀಸು ಉಂಟೋ ಇಲ್ಲವೋ; ಯಾವಾಗ ಬೇಕಾದರೂ ಬಿಡಬಹುದು ಎಂಬುದು. ಆಮೇಲೆ ಗೋಪ್ಯತೆ. ಇದನ್ನು ಕಾನೂನಿನ ಭಾಷೆಯಲ್ಲಿ ಓದಬೇಡಿ, ಅವರ ಮಾತಿನಲ್ಲಿ ಹೇಳಿ. ಕಾಲೇಜು ಹುಡುಗಿಗಾದರೆ ಹೀಗೆ: “ನೀ ಇಲ್ಲಿ ಹೇಳಿದ್ದು ನನ್ ಹತ್ರಾನೇ ಇರ್ತದ. ಆದ್ರ ನಾಕ್ ಕಡಿ ನಾ ಬಾಯಿ ಬಿಡಬೇಕಾಗ್ತದ. ನಿನ್ ಜೀವಕ್ಕ ಅಪಾಯ ಅನಿಸಿದ್ರ, ಇನ್ನೊಬ್ಬರ ಜೀವಕ್ಕ ಅಪಾಯ ಇದ್ರ, ಹದಿನೆಂಟರ ಒಳಗಿನವ್ರ ಮೈಮ್ಯಾಲ ಯಾರರೇ ಕೈ ಹಾಕ್ಯಾರ ಅಂತ ತಿಳಿದ್ರ, ಇಲ್ಲಾ ಕೋರ್ಟ್ ಆರ್ಡರ್ ಬಂದ್ರ. ಹಂಗೇನರ ಆದ್ರ ಮೊದಲು ನಿನಗ ಹೇಳಿ, ಆಮ್ಯಾಲ ಬ್ಯಾರೆಯವ್ರಿಗೆ ಹೇಳ್ತೀನಿ.”

ಹೇಳಿದ ಮೇಲೆ “ತಿಳೀತೇನು?” ಎಂದು ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. “ಈಗ ನಾ ಹೇಳಿದ್ದು ನೀ ನಿನ್ ಮಾತ್ನಾಗ ಹೇಳು ನೋಡೂನು” ಎನ್ನಿ. ನಾಲ್ಕರಲ್ಲಿ ಎರಡೇ ಹೇಳಿದರೆ ಉಳಿದೆರಡನ್ನು ಮತ್ತೆ ಹೇಳಿ. ಓದು ಬಾರದವರಿಗೆ ಒಪ್ಪಿಗೆ ಪತ್ರ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಿಕ್ಕಿದ್ದು ಶಾಯಿಯ ಗುರುತು, ಒಪ್ಪಿಗೆಯಲ್ಲ. ಓದಿ ಹೇಳಿ, ಅವರಿಂದ ಹೇಳಿಸಿ, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಒಂದು ಮಾತಂತೂ ನಿಮ್ಮ ಬಾಯಲ್ಲಿ ಯಾವತ್ತೂ ಬರಬಾರದು: “ಯಾರಿಗೂ ಹೇಳಂಗಿಲ್ಲ, ದೇವರಾಣೆ.” ಹೊಸಬರು ಕನಿಕರದಿಂದ ಆಡುವ ಈ ಮಾತೇ ಮುಂದೆ ಅತಿ ಹೆಚ್ಚು ಕೇಡು ಮಾಡುವುದು.

ಸೇಡಂನ ತಂದೆಯ ವಿಷಯ. ಹದಿನೆಂಟು ತುಂಬದವರ ಪರವಾಗಿ ಕಾನೂನಿನ ಕಣ್ಣಲ್ಲಿ ನಿಲ್ಲುವವರು ಪೋಷಕರೇ. ಮಾನಸಿಕ ಆರೋಗ್ಯ ಕಾಯ್ದೆಯೂ ಅವರನ್ನೇ ಪ್ರತಿನಿಧಿ ಎನ್ನುತ್ತದೆ. ಆದ್ದರಿಂದ “ನಿಮಗೆ ಸಂಬಂಧವಿಲ್ಲ” ಎಂದು ಅಪ್ಪನಿಗೆ ಹೇಳುವ ಹಾಗಿಲ್ಲ, ಹೇಳುವುದು ಸರಿಯೂ ಅಲ್ಲ. ಆದರೆ ಅವರಿಗೆ ಸಲ್ಲುವುದು ಮಗಳನ್ನು ನೋಡಿಕೊಳ್ಳಲು ಬೇಕಾದಷ್ಟು ಮಾಹಿತಿ, ಮಗಳ ಒಂದೊಂದು ಮಾತೂ ಅಲ್ಲ. ಮೊದಲು ಹುಡುಗಿಯನ್ನು ಕೇಳಿ: ಅಪ್ಪನಿಗೆ ಏನು ಹೇಳಬಹುದು, ಏನು ಬೇಡ, ನೀನೇ ಹೇಳುತ್ತೀಯಾ, ನಾನು ಜೊತೆಗಿರಲೇ? ಹೆಚ್ಚಿನ ಮಕ್ಕಳು ಒಂದು ಭಾಗ ಹೇಳಲು ಒಪ್ಪುತ್ತಾರೆ. ಆಮೇಲೆ ಅಪ್ಪನಿಗೆ: “ಕೂಡ್ರಿ ಅಣ್ಣಾರೆ. ಮಗಳ ಚಿಂತಿ ನಿಮಗ ಇರೂದೇ. ಆಕಿ ಜೀವಕ್ಕ ಧೋಕಾ ಇರೂದೇನರ ನನಗ ಗೊತ್ತಾದ್ರ ನಿಮಗ ನಾನೇ ಫೋನ್ ಮಾಡ್ತೀನಿ. ಆಕಿ ನಿದ್ದಿ ಸರಿಯಿಲ್ಲ, ಓದಿನ ಒತ್ತಡ ಭಾಳ ಆಗ್ಯಾದ, ಮನ್ಯಾಗ ಹಿಂಗ್ ನೋಡ್ಕೊಂಡ್ರ ಛಲೋ. ಉಳಿದದ್ದು ಆಕಿನೇ ನಿಮ್ ಮುಂದ ಹೇಳೂವಂಗ ಮಾಡೂದು ನನ್ ಕೆಲಸ.” ದಿನಗೂಲಿ ಬಿಟ್ಟು ಬಸ್ಸು ಹಿಡಿದು ಬಂದ ಮನುಷ್ಯನನ್ನು ಬರಿಗೈಯಲ್ಲಿ ಕಳಿಸಿದರೆ ಮರುದಿನ ಮಗಳನ್ನೇ ಕಾಲೇಜು ಬಿಡಿಸುತ್ತಾರೆ. ಆಗ ನೀವು ಕಾಪಾಡಿದ ಗುಟ್ಟಿಗೆ ಏನು ಬೆಲೆ?

ಇಂಥದ್ದು ಮರುಕಳಿಸದಿರಲು ವರ್ಷದ ಮೊದಲಲ್ಲೇ ಕಾಲೇಜಿನಿಂದ ಎಲ್ಲ ಪೋಷಕರಿಗೂ ಒಂದು ಪುಟದ ಪತ್ರ ಹೋಗಲಿ: ಕೌನ್ಸೆಲಿಂಗ್ ಎಂದರೇನು, ಏನನ್ನು ಪೋಷಕರಿಗೆ ತಿಳಿಸಲಾಗುತ್ತದೆ, ಏನನ್ನು ತಿಳಿಸುವುದಿಲ್ಲ, ಸಹಿ. ಕನ್ನಡದಲ್ಲಿ ಮಾತ್ರವಲ್ಲ, ಉರ್ದುವಿನಲ್ಲೂ ಬರೆಸಿ. ಬೀದರ್‌ ಕಡೆಯಾದರೆ ಮರಾಠಿಯೂ ಬೇಕು. ಪೋಷಕರ ಸಹಿ ಇದ್ದರೂ ಹುಡುಗಿಯ ಸ್ವಂತ ಒಪ್ಪಿಗೆ ಬೇರೆಯೇ ಬೇಕು. ಅವಳು ಒಲ್ಲೆ ಎಂದರೆ ಅಪ್ಪನ ಸಹಿ ಹಿಡಿದು ಅವಳಿಂದ ಮಾತು ಹೊರಡಿಸಲು ಹೋಗಬೇಡಿ.

ಗೋಪ್ಯತೆ ಮುರಿಯಲೇಬೇಕಾದ ಎರಡು ಸಂದರ್ಭಗಳನ್ನು ಬಿಡಿಸಿ ಹೇಳಬೇಕು. ಒಂದು, ಆತ್ಮಹತ್ಯೆಯ ಯೋಚನೆ. “ಸಾಯಬೇಕು ಅನಿಸ್ತದೇನು?” ಎಂದು ನೇರವಾಗಿ ಕೇಳಿ, ಕೇಳಿದರೆ ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬುದು ತಪ್ಪು ಕಲ್ಪನೆ. ಯೋಚನೆ ಇದೆಯೇ, ಹೇಗೆ ಎಂಬ ಲೆಕ್ಕಾಚಾರ ಇದೆಯೇ, ಸಾಧನ ಕೈಗೆಟುಕುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದು ಉಂಟೇ, ಯಾವಾಗ ಎಂದು ಮನಸ್ಸಿನಲ್ಲಿದೆಯೇ ಎಂದು ಒಂದೊಂದಾಗಿ ಕೇಳಿ. ಯೋಚನೆ ಸುಳಿದು ಹೋಗುತ್ತಿದೆ ಎಂದಷ್ಟೇ ಇದ್ದರೆ ಸುರಕ್ಷತೆಯ ಯೋಜನೆ ಮಾಡಿ, ಬೇಗನೆ ಮತ್ತೆ ಕರೆಸಿ, ಮನೆಯಲ್ಲಿ ಯಾರಿಗೆ ಹೇಳಬಹುದು ಎಂದು ಅವಳ ಜೊತೆ ಕೂತೇ ನಿರ್ಧರಿಸಿ. ಲೆಕ್ಕಾಚಾರ, ಸಾಧನ ಇವೆ ಎಂದಾದರೆ ಒಬ್ಬಳನ್ನೇ ಬಿಡುವ ಹಾಗಿಲ್ಲ. ಮನೆಯವರನ್ನು ಕರೆಸಬೇಕು, ಅಂದೇ ಮನೋವೈದ್ಯರ ಬಳಿ ಕಳಿಸಬೇಕು. ನಮ್ಮ ಭಾಗದಲ್ಲಿ ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣಿ (ಕೀಟನಾಶಕ) ಎಷ್ಟೋ ಮನೆಯ ಮೂಲೆಯಲ್ಲೇ ಇರುತ್ತದೆ. ಅದನ್ನು ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ ಎಂಬುದು ಮನೆಯವರಿಗೆ ಹೇಳಬೇಕಾದ ಮೊದಲ ಮಾತು. ಯಾವ ಹುಡುಗನ ಜೊತೆ ಏನಾಯಿತು ಎಂಬುದನ್ನು ಆ ಹೊತ್ತಿನಲ್ಲಿ ಹೇಳುವ ಅಗತ್ಯವೇ ಇಲ್ಲ. ಬೇಕಾದಷ್ಟೇ ಹೇಳುವುದು ಅಂದರೆ ಇದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲೂ ರಾತ್ರಿ ಸಿಗುತ್ತದೆ, ಚೀಟಿಯಲ್ಲಿ ಬರೆದುಕೊಡಿ. ಯಾರಿಗೆ, ಎಷ್ಟು ಗಂಟೆಗೆ, ಏನು ಹೇಳಿದಿರಿ ಎಂಬುದು ನಿಮ್ಮ ಫೈಲಿನಲ್ಲಿ ಅಂದೇ ಬರಲಿ.

ಇನ್ನೊಂದು ಪೋಕ್ಸೊ. 2012ರ ಈ ಕಾಯ್ದೆಯ 19ನೇ ಕಲಮಿನ ಪ್ರಕಾರ ಹದಿನೆಂಟರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯೂ ಇದೆ. ಕಷ್ಟ ಬರುವುದು ಹದಿನೇಳರ ಹುಡುಗಿ ತನ್ನಿಷ್ಟದಿಂದಲೇ ಇರುವ ಸಂಬಂಧ ಹೇಳಿದಾಗ. ಕಾಯ್ದೆ ಅವಳ ಇಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನನಗೂ ಅದರ ಬಗ್ಗೆ ತಕರಾರಿದೆ. ಆದರೆ ಅವಳು ಬಾಯಿ ತೆರೆಯುವ ಮೊದಲೇ ನಿಮ್ಮ ಕೈ ಎಲ್ಲಿ ಕಟ್ಟಿದೆ ಎಂದು ತಿಳಿಸಿದ್ದರೆ, ಏನು ಹೇಳಬೇಕು ಎಂಬ ಆಯ್ಕೆ ಅವಳ ಕೈಯಲ್ಲಿರುತ್ತದೆ. ಗೊಂದಲವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಸರು ಹೇಳದೆ ಸಲಹೆ ಕೇಳಬಹುದು. ಮದುವೆ ಗೊತ್ತಾಗಿದೆ, ಬಿಡಿಸಿ ಎಂದು ಅಪ್ರಾಪ್ತ ಹುಡುಗಿ ಅತ್ತರೆ ಮಕ್ಕಳ ಸಹಾಯವಾಣಿ 1098.

ಪ್ರಿನ್ಸಿಪಾಲರ ಪಟ್ಟಿಯ ಹಿಂದೆ ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ. ಹಾಸ್ಟೆಲಿನಲ್ಲಿ ಏನಾದರೂ ಆದರೆ ಮೊದಲು ಉತ್ತರ ಹೇಳಬೇಕಾದವರು ಅವರು. ಸಂಬಳವನ್ನೂ ಕಾಲೇಜೇ ಕೊಡುತ್ತದೆ. ಆದರೂ ನಿಮ್ಮ ಕಕ್ಷಿದಾರ ವಿದ್ಯಾರ್ಥಿಯೇ. ಒಂದು ಪುಟದ ಒಪ್ಪಂದ ಬರೆದು ಇಬ್ಬರೂ ಸಹಿ ಮಾಡಿ: ಹೆಸರು ಕೊಡುವುದಿಲ್ಲ, ತಿಂಗಳ ವರದಿಯಲ್ಲಿ ಸಂಖ್ಯೆ ಮತ್ತು ಸಾಮಾನ್ಯ ವಿಷಯ ಮಾತ್ರ ಇರುತ್ತದೆ, ಜೀವಕ್ಕೆ ಅಪಾಯವಿದ್ದರೆ ಅಂದೇ ತಿಳಿಸಲಾಗುತ್ತದೆ, ಫೈಲು ನಿಮ್ಮ ವಶದಲ್ಲಿರುತ್ತದೆ, ಶಿಸ್ತು ಕ್ರಮದ ವಿಚಾರಣೆಯಲ್ಲಿ ನಿಮ್ಮನ್ನು ಕೂರಿಸಬಾರದು. ಈ ಕೊನೆಯದನ್ನು ಬಿಡಬೇಡಿ. ಬೆಳಿಗ್ಗೆ ಕಣ್ಣೊರೆಸಿದವರು ಮಧ್ಯಾಹ್ನ ವಿಚಾರಣಾ ಸಮಿತಿಯಲ್ಲಿ ಕೂತರೆ ಆಮೇಲೆ ಒಬ್ಬ ವಿದ್ಯಾರ್ಥಿಯೂ ನಿಮ್ಮ ಬಾಗಿಲಿಗೆ ಬರುವುದಿಲ್ಲ.

ಸಂಖ್ಯೆಯೂ ಗುಟ್ಟು ಬಿಟ್ಟುಕೊಡಬಲ್ಲದು. “ಈ ತಿಂಗಳು ಹಾಸ್ಟೆಲಿನ ದ್ವಿತೀಯ ಪಿಯು ವಿಜ್ಞಾನದ 2 ಹುಡುಗಿಯರು” ಎಂದು ಬರೆದರೆ ವಾರ್ಡನ್ನರಿಗೆ ಅರ್ಧ ಗಂಟೆಯಲ್ಲಿ ಹೆಸರು ಗೊತ್ತಾಗುತ್ತದೆ. ಹತ್ತಕ್ಕಿಂತ ಕಡಿಮೆ ಇದ್ದ ಯಾವ ಗುಂಪನ್ನೂ ಬಿಡಿಸಿ ಬರೆಯಬೇಡಿ, ಒಟ್ಟಿಗೆ ಸೇರಿಸಿ. ಕೋಣೆಯನ್ನೂ ನೋಡಿಕೊಳ್ಳಿ. ಪ್ರಿನ್ಸಿಪಾಲರ ಚೇಂಬರಿನ ಪಕ್ಕದ ಪ್ಲೈವುಡ್ ಗೋಡೆಯ ಕೋಣೆ ಬೇಡ. ಬಾಗಿಲ ಹೊರಗೆ ಒಬ್ಬರನ್ನು ನಿಲ್ಲಿಸಿ, ಒಳಗೆ ಸಾಮಾನ್ಯ ದನಿಯಲ್ಲಿ ಮಾತಾಡಿ, ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ. ಕೇಳಿಸಿದರೆ ಹೊರಗೆ ಒಂದು ಫ್ಯಾನು ಜೋರಾಗಿ ಹಾಕಿಡುವುದೂ ಸಹಾಯ ಮಾಡುತ್ತದೆ. ಜವಾನ ಚಹಾ ಹಿಡಿದು ಒಳಗೆ ಬರದಂತೆ ಹೇಳಿಡಿ. ಬಾಗಿಲಲ್ಲಿ ಹೆಸರು ಬರೆಯುವ ರಿಜಿಸ್ಟರ್ ಇದ್ದರೆ ಇಂದೇ ತೆಗೆಸಿ. ತರಗತಿಯಿಂದ ಕರೆಸುವ ಚೀಟಿ, ಸ್ಕಾಲರ್‌ಶಿಪ್ಪಿಗೂ ಲೈಬ್ರರಿಗೂ ಬಳಸುವಂಥದ್ದೇ ಆಗಿರಲಿ, ಅದರಲ್ಲಿ ಸಮಯ ಮತ್ತು ಮೊಹರು ಮಾತ್ರ.

ಬಳಗದವರ ವಿಷಯದಲ್ಲಿ ಪುಸ್ತಕ ಹೇಳುವಷ್ಟು ದೂರ ಕಲಬುರಗಿಯಲ್ಲಿ ಸಾಧ್ಯವಿಲ್ಲ, ಯಾದಗಿರಿಯಲ್ಲಂತೂ ಇಲ್ಲವೇ ಇಲ್ಲ. ಎರಡು ನಂಟಿನ ಸಂಬಂಧ (ಕೌನ್ಸೆಲಿಂಗ್ ಜೊತೆಗೆ ಬೇರೆ ನಂಟೂ ಇರುವುದು) ಎಲ್ಲವನ್ನೂ ಅಮೆರಿಕದ ಸಂಹಿತೆಯೂ ನಿಷೇಧಿಸುವುದಿಲ್ಲ. ನಿಮ್ಮ ತೀರ್ಮಾನ ಮಂಕಾಗಬಹುದೇ, ಅವರಿಗೆ ಹಾನಿ ಅಥವಾ ಶೋಷಣೆ ಆಗಬಹುದೇ ಎಂದು ಕೇಳುತ್ತದೆ. ಹಾಲು ಹಾಕುವವರ ಮಗನನ್ನು ನೋಡಬಹುದು. ಅಕ್ಕನ ಮಗಳನ್ನು, ಬೀಗರ ಸೊಸೆಯನ್ನು, ನಿಮ್ಮ ಮನೆ ಮಾಲೀಕರನ್ನು, ನೀವು ಅಂಕ ಹಾಕುವ ವಿದ್ಯಾರ್ಥಿಯನ್ನು ನೋಡಬಾರದು. ಅತ್ತೆ-ಸೊಸೆ ಇಬ್ಬರನ್ನೂ ಬೇರೆ ಬೇರೆಯಾಗಿ ನೋಡುವುದು ಇನ್ನೂ ಕೆಟ್ಟದ್ದು. ಒಬ್ಬರ ಮಾತು ಇನ್ನೊಬ್ಬರ ಮುಂದೆ ಯಾವಾಗ ಜಾರಿತೆಂದು ನಿಮಗೇ ತಿಳಿಯುವುದಿಲ್ಲ. ಫೋನಿನಲ್ಲೇ ಹೇಳಿ: “ಅತ್ತಿ, ನಾ ನಿಮ್ಮಾಕಿ ಆದದ್ದಕ್ಕ ನಾ ನೋಡಬಾರದು. ಛಲೋ ಇರೋರ್ ಕಡಿ ಕಳಸ್ತೀನಿ.” ಕಳಿಸುವ ಜಾಗ ಮೊದಲೇ ಗೊತ್ತಿರಲಿ: ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆಯೂ ಇದೆ, ಫೋನ್ ಮಾಡಿ ಖಚಿತಪಡಿಸಿಕೊಂಡು ಕಳಿಸಿ. ಶರಣಬಸವೇಶ್ವರ ಜಾತ್ರೆಯಲ್ಲೋ ಬಂದೇನವಾಜ್ ಉರುಸಿನಲ್ಲೋ ಎದುರಾದರೆ ನೀವಾಗಿ ಮಾತಾಡಿಸುವುದಿಲ್ಲ, ಅವರು ಮಾತಾಡಿಸಿದರೆ ಮಾತಾಡುತ್ತೀರಿ ಎಂದು ಮೊದಲ ದಿನವೇ ಹೇಳಿಡಿ, ಇಲ್ಲವಾದರೆ ಮುಖ ತಿರುಗಿಸಿದರು ಎಂದು ನೊಂದುಕೊಳ್ಳುತ್ತಾರೆ. ಎಳ್ಳಮಾವಾಸ್ಯೆಗೆ ಕಡಕ್ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಬಂದರೆ ತೆಗೆದುಕೊಳ್ಳಿ. ಚೀಲಗಟ್ಟಲೆ ತೊಗರಿ ಬೇಳೆ ಬೇಡ, ಅದು ಋಣ. ಲೈಂಗಿಕ ಸಂಬಂಧದ ಬಗ್ಗೆ ಚರ್ಚೆಯೇ ಇಲ್ಲ. ಕೌನ್ಸೆಲಿಂಗ್ ಮುಗಿದು ಕನಿಷ್ಠ ಎರಡು ವರ್ಷ ಎನ್ನುತ್ತದೆ ಅಮೆರಿಕದ ಸಂಹಿತೆ. ನನ್ನ ಪ್ರಕಾರ ಎಂದಿಗೂ ಇಲ್ಲ.

ತಾಂಡಾದಿಂದ ಬಂದ ಲಂಬಾಣಿ ಮಾತಿನ ಹೆಣ್ಣುಮಗಳ ಮಾತನ್ನು ಆಕೆಯ ಗಂಡನಿಂದ ಅನುವಾದ ಮಾಡಿಸಬೇಡಿ. “ಹೊಡೀತಾನೇನು?” ಎಂಬ ಪ್ರಶ್ನೆ ಹೊಡೆಯುವವನ ಬಾಯಿಂದಲೇ ಹೋಗುತ್ತದೆ. ಮಗ ಬೇಡ, ಅದೇ ತಾಂಡಾದ ಆಶಾ ಕಾರ್ಯಕರ್ತೆಯೂ ಬೇಡ. ಬೇರೆ ಊರಿನ, ಗೋಪ್ಯತೆಗೆ ಸಹಿ ಹಾಕಿದ ಹೆಣ್ಣುಮಗಳೊಬ್ಬಳನ್ನು ಗೊತ್ತುಮಾಡಿಟ್ಟುಕೊಳ್ಳಿ.

ಬೋರ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬರೀ ಎಂ.ಎಸ್ಸಿ. ಇದ್ದವರು “ಕ್ಲಿನಿಕಲ್ ಸೈಕಾಲಜಿಸ್ಟ್” ಎಂದು ಹಾಕಿಕೊಳ್ಳುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ಅದರ ಕೇಂದ್ರ ರಿಜಿಸ್ಟರಿನಲ್ಲಿ ಹೆಸರು ಬೇಕು. 1992ರ ಪರಿಷತ್ತಿನ ಕಾಯ್ದೆ ಉಲ್ಲಂಘನೆಗೆ ಶಿಕ್ಷೆಯನ್ನೂ ಹೇಳುತ್ತದೆ. ಜನ ನಿಮ್ಮನ್ನು “ಡಾಕ್ಟರಮ್ಮ” ಎನ್ನುತ್ತಾರೆ, ಪ್ರತಿ ಸಲ ತಿದ್ದಿ. ಬುದ್ಧಿಮಾಪನ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಿ ಎಂದು ಬಂದರೆ ಆಸ್ಪತ್ರೆಗೆ ಕಳಿಸಿ. ಅಂಗವೈಕಲ್ಯದ ಸೌಲಭ್ಯಕ್ಕೆ ಶೇ 40ರ ಗಡಿ ಇರುವುದರಿಂದ “ಒಂದೆರಡು ಅಂಕ ಕಡಿಮಿ ಹಾಕ್ರಿ, ಪಿಂಚಣಿ ಬರ್ತದ” ಎಂಬ ಬೇಡಿಕೆ ಬಂದೇ ಬರುತ್ತದೆ. ಬಡತನ ನೋಡಿ ಮನಸ್ಸು ಕರಗುತ್ತದೆ, ನಿಜ. ಆದರೆ ಆ ಅಂಕ ಮಗುವಿನ ಜೊತೆ ಶಾಲೆಯವರೆಗೂ ಮದುವೆಯವರೆಗೂ ನಡೆದು ಹೋಗುತ್ತದೆ. ಧಾರವಾಡದಲ್ಲಿ ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗಾಗಿ ರೂಪಿಸಿದ ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದರ ಮಾನದಂಡ (ಅಂಕವನ್ನು ಹೋಲಿಸಿ ನೋಡುವ ಸರಾಸರಿ) ಹುಟ್ಟಿದ್ದು ಸ್ವಾತಂತ್ರ್ಯಕ್ಕೂ ಮುಂಚೆ. ಹಳೆಯ ಮಾನದಂಡದಲ್ಲಿ ಅಳೆದರೆ ಇಂದಿನ ಮಗುವಿನ ಅಂಕ ಇರುವುದಕ್ಕಿಂತ ಮೇಲೆ ಕಾಣುವ ಸಂಭವ ಹೆಚ್ಚು. ಯಾವ ಪರೀಕ್ಷೆ, ಯಾವ ಮಾನದಂಡ ಎಂಬುದಿಲ್ಲದ ವರದಿ ನಿಮ್ಮ ಕೈಗೆ ಬಂದರೆ ನಂಬಬೇಡಿ.

ಜಾಹೀರಾತಿನಲ್ಲಿ “ಗ್ಯಾರಂಟಿ” ಎಂಬ ಪದ ಬೇಡ, ಬಂದುಹೋದವರ ಹೊಗಳಿಕೆಯ ವಿಡಿಯೊ ಬೇಡ, ಮುಖ ಮಸುಕು ಮಾಡಿದ ಫೋಟೊ ಕೂಡ ಬೇಡ; ಊರಲ್ಲಿ ಸೀರೆ ನೋಡಿಯೇ ಗುರುತು ಹಿಡಿಯುತ್ತಾರೆ.

ಫೈಲಿನಲ್ಲಿ ದಿನಾಂಕ, ಬಂದ ಕಾರಣ, ಅಪಾಯದ ಅಂದಾಜು, ಮಾಡಿದ್ದು, ಮುಂದಿನ ಭೇಟಿ ಇಷ್ಟು ಸಾಕು. ಹೆಸರಿನ ಬದಲು ಸಂಖ್ಯೆ ಹಾಕಿ, ಹೆಸರು-ಸಂಖ್ಯೆಯ ವಹಿ ಬೇರೆ ಕಪಾಟಿನಲ್ಲಿರಲಿ. ವಾಟ್ಸ್ಆಪ್‌ನಲ್ಲಿ ಭೇಟಿಯ ಸಮಯ ಮಾತ್ರ, ವಿಷಯ ಬೇಡ. ಮನೆಯಲ್ಲಿ ಒಂದೇ ಫೋನನ್ನು ನಾಲ್ವರು ಬಳಸುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಮಿನ ಪ್ರಕಾರ ರೋಗಿಗೆ ತನ್ನ ದಾಖಲೆ ನೋಡುವ ಹಕ್ಕಿದೆ, ಆದ್ದರಿಂದ ಅವರು ಓದಿದರೆ ನಾಚಿಕೆಯಾಗುವಂಥ ವಾಕ್ಯ ಬರೆಯಬೇಡಿ. ನಮ್ಮ ಸಾಕ್ಷ್ಯ ಕಾನೂನು ವಕೀಲರ ಜೊತೆಗಿನ ಮಾತಿಗೆ ಕೊಡುವ ರಕ್ಷಣೆಯನ್ನು ನಮಗೆ ಕೊಡುವುದಿಲ್ಲ. ವಿಚ್ಛೇದನದ ಕೇಸಿನಲ್ಲಿ ಕೋರ್ಟು ಕರೆಯಬಹುದು. ವಕೀಲರ ನೋಟಿಸು ಮಾತ್ರ ಬಂದರೆ ಫೈಲು ಕೊಡಬೇಕಿಲ್ಲ, ಕೋರ್ಟಿನ ಆದೇಶ ಕೇಳಿ. ಆದೇಶ ಬಂದರೂ ಕೇಳಿದಷ್ಟನ್ನೇ ಮುಚ್ಚಿದ ಲಕೋಟೆಯಲ್ಲಿ ಕೊಡಲು ಅನುಮತಿ ಬೇಡಿ. ಎಷ್ಟು ಕಾಲ ಇಡಬೇಕೆಂದರೆ ಅಮೆರಿಕದ ಮಾರ್ಗಸೂಚಿಯ ಏಳು ವರ್ಷ ಒಳ್ಳೆಯ ಅಳತೆ, ಅಪ್ರಾಪ್ತರಾದರೆ ಅವರಿಗೆ 18 ತುಂಬಿದ ಮೇಲೆ ಮೂರು ವರ್ಷ, ಯಾವುದು ತಡವೋ ಅದು.

ತಿಂಗಳಿಗೊಮ್ಮೆ ಹಿರಿಯರೊಬ್ಬರ ಮುಂದೆ ನಿಮ್ಮ ಕಷ್ಟದ ಕೇಸುಗಳನ್ನಿಟ್ಟು ಮಾತಾಡಿ. ಹೆಸರು ಮುಚ್ಚಿದರೆ ಸಾಲದು: “ಆಳಂದದ ಶಿಕ್ಷಕಿ, ಗಂಡ ಪೊಲೀಸ್” ಎಂದರೆ ಹೆಸರು ಹೇಳಿದಂತೆಯೇ. ಊರು, ಉದ್ಯೋಗ ಬದಲಿಸಿ ಹೇಳಿ. ಅದೇ ಹಿರಿಯರ ಹೆಸರನ್ನು ಒಂದು ಲಕೋಟೆಯಲ್ಲಿ ಬರೆದು ಮನೆಯಲ್ಲಿಡಿ. ನೀವು ದಿಢೀರನೆ ಆಸ್ಪತ್ರೆ ಸೇರಿದರೆ ಕಪಾಟಿನ ಕೀಲಿ ಅವರಿಗೆ ಹೋಗಬೇಕು, ಮುಂದಿನ ವಾರದ ಭೇಟಿಯವರಿಗೆ ಅವರೇ ಫೋನ್ ಮಾಡಬೇಕು; ನಿಮ್ಮ ಗಂಡ, ತಮ್ಮ, ಕಾಲೇಜಿನ ಕ್ಲರ್ಕ್ ಯಾರೂ ಆ ಕಪಾಟು ತೆರೆಯಬಾರದು ಎಂದು ಅದರಲ್ಲೇ ಬರೆದಿಡಿ.